ರೇವನ್‌ಗಾರ್ತ್ ಹೆಸರಿನವರು

“ತೊಳೀಬೇಡ! ಹೆಸ್ಟರ್, ಆ ಟೋಪೀನ ನೀರಿಗೆ ಹಾಕ್ಬೇಡ!”

ಡೋರ್ಕಸ್ ಫಿಯರನ್ ಕೂಗಿದ ಹೊಡೆತಕ್ಕೆ ಹೆಸ್ಟರ್ ಕೈಯಲ್ಲಿದ್ದ ಸೋಪು ಜಾರಿ ಬಕೆಟ್ಟಿಗೆ ಬಿತ್ತು. ಟೋಪಿ ಇನ್ನೂ ಅವಳ ಎಡಗೈಯಲ್ಲೇ ಇತ್ತು, ಪುಣ್ಯಕ್ಕೆ.

“ಡೋರ್ಕಸ್ ಆಂಟೀ, ಜೀವ ಹೋಯ್ತು ನಂದು! ಇವತ್ತು ಕುರಿಗಾಹಿಗಳ ಕೂಟ. ಸತ್ತವರ ಟೋಪೀನ ದೊಡ್ಡಿ ಬಾಗಿಲಿಗೆ ನೇತುಹಾಕಿ, ಎಲ್ಲರೂ ಒಂದು ಗುಟುಕು ಕುಡೀತಾರಂತೆ. ಇಷ್ಟು ಕೊಳಕಾಗಿರೋದನ್ನ ಹೇಗೆ ಹಾಕೋದು?”

“ಕೊಳಕಾಗಿದೆ ಅಂತಲೇ ಬೇಡ ಅಂದೆ. ಕೊಡು ಇಲ್ಲಿ.”

ಹನ್ನೊಂದು ದಿನದ ಹಿಂದೆ ಮುದುಕ ಜೋಸ್ ರೇವನ್‌ಗಾರ್ತ್ ಮಂಜಿನಲ್ಲಿ ದಾರಿ ತಪ್ಪಿ, ಕಾಗೆಬಂಡೆಯ ಮೇಲಿಂದ ಬಿದ್ದು ಸತ್ತ ಎಂದು ಇಡೀ ಕಣಿವೆ ನಂಬಿತ್ತು. ನಂಬದೆ ಉಳಿದವಳು ಡೋರ್ಕಸ್ ಒಬ್ಬಳೇ. ಎಪ್ಪತ್ತು ವರ್ಷ ಅದೇ ಬೆಟ್ಟದಲ್ಲಿ ಕುರಿ ಕಾಯ್ದವನು ದಾರಿ ತಪ್ಪುವುದೆಂದರೇನು? ಬಿದ್ದವನ ಕೈಯಲ್ಲಿ ಬಾಯಿ ತೆರೆದ ಚಾಕು ಇದ್ದುದೇಕೆ? ಕೇಳಿದರೆ, ಊರವರು ಹೊಗೆಸೊಪ್ಪು ಕತ್ತರಿಸಲು ಇರಬೇಕು ಎಂದು ಕೈ ಝಾಡಿಸಿಬಿಟ್ಟಿದ್ದರು.

ಟೋಪಿ ಸಿಕ್ಕಿದ್ದು ನಿನ್ನೆಯಷ್ಟೇ. ಕಾನ್‌ಸ್ಟೆಬಲ್ ಬರ್ಕೆಟ್‌ನ ನಾಯಿ ಅದನ್ನು ಬಂಡೆಯ ಬುಡದ ಕಲ್ಲುಗೋಡೆಯ ಸಂದಿಯಿಂದ ಎಳೆದು ತಂದಿತ್ತು.

ಡೋರ್ಕಸ್ ಅದನ್ನು ಹೋಟೆಲಿನ ಹಿಂಬಾಗಿಲ ಬೆಳಕಿಗೆ ಹಿಡಿದಳು. ಜೋಸನ ಹೆಂಡತಿ ಕುರಿಚರ್ಮದಲ್ಲಿ ಹೊಲಿದುಕೊಟ್ಟಿದ್ದ ದುಂಡನೆಯ ಟೋಪಿ. ಅಂಚಿಲ್ಲ, ಮುಂಚಾಚಿಲ್ಲ. ಎರಡೂ ಬದಿಗೆ ಕಿವಿ ಮುಚ್ಚುವ ಒಂದೊಂದು ತೊಗಲ ಪಟ್ಟಿ. ಎಡಪಟ್ಟಿಯ ತುದಿ ನೇರವಾಗಿ ಕತ್ತರಿಸಿಹೋಗಿತ್ತು. ಬಲಪಟ್ಟಿ ನಡುವೆ ಸೀಳಿತ್ತು.

“ಅದು ತಾತನ ಗುರುತು,” ಎಂದಳು ಹೆಸ್ಟರ್. “ಎಡಗಿವಿ ತುದಿ ಇಲ್ಲ, ಬಲಗಿವಿ ಸೀಳು. ರೇವನ್‌ಗಾರ್ತ್ ಕುರಿಗಳಿಗೆಲ್ಲ ಅದೇ. ಇಲ್ಲಿ ಕುರಿ ಕಿವಿಗೆ ಹಾಕೋ ಗುರುತನ್ನ ಚಮಚಕ್ಕೂ ಹಾಕ್ತಾರೆ, ಮಂಚಕ್ಕೂ ಹಾಕ್ತಾರೆ. ಬರ್ಕೆಟ್ ಕೂಡ ನೋಡಿದ ತಕ್ಷಣ ‘ಜೋಸಂದೇ’ ಅಂದ್ರು.”

“ಹಾಕೋದು ಸರಿ. ಯಾವಾಗ ಹಾಕಿದ್ದು? ಟೋಪಿಯೆಲ್ಲ ಹೊಗೆ ಹಿಡಿದು ಕಪ್ಪಾಗಿದೆ. ಕತ್ತರಿಸಿದ ಅಂಚು ನೋಡು, ಬೆಳ್ಳಗಿದೆ.”

ಹೆಸ್ಟರ್ ಬಗ್ಗಿ ನೋಡಿದಳು. ಅವಳ ಬೆರಳು ತಾನಾಗಿಯೇ ಹಿಂದೆ ಸರಿಯಿತು.

“ಬಿದ್ದ ಮೇಲೆ ಕತ್ತರಿಸಿದ್ದಾ?”

“ಬಿದ್ದ ಮೇಲೆ. ಕೈಯಲ್ಲಿ ಪೆನ್ಸಿಲ್ ಇಲ್ಲ, ಬಾಯಲ್ಲಿ ಶಕ್ತಿ ಇಲ್ಲ, ಚಾಕು ಇದೆ. ಮೇಲಿಂದ ತಳ್ಳಿದವನು ಕೆಳಗೆ ಇಳಿದು ಬರ್ತಾ ಇದ್ದಾನೆ. ತಳ್ಳಿದ್ದು ಯಾರು ಅಂತ ಮುದುಕ ಟೋಪಿ ಮೇಲೆ ಗುರುತು ಮಾಡಿ, ಅವನ ಕಣ್ಣಿಗೆ ಬೀಳದ ಹಾಗೆ ಗೋಡೆ ಸಂದೀಲಿ ತುರುಕಿದ.”

ಹೇಳುತ್ತ ಹೇಳುತ್ತ ಡೋರ್ಕಸ್ ಒಮ್ಮೆ ತಿರುಗಿ ಬಾಗಿಲ ಕಡೆ ನೋಡಿದಳು. ಅವಳು ಹುಟ್ಟಾ ಪುಕ್ಕಲಿ. ಏಣಿ ಹತ್ತಲು ಭಯ, ನಾಯಿ ಕಂಡರೆ ಭಯ, ಮಂಜು ಕಂಡರಂತೂ ಕೈಕಾಲೇ ಆಡುವುದಿಲ್ಲ. ಮೂಗು ತೂರಿಸುವ ಚಟ ಮಾತ್ರ ಭಯಕ್ಕಿಂತ ಒಂದು ಗುಲಗಂಜಿ ಜಾಸ್ತಿ. ಊರೂರು ಅಲೆದು ಮನೆತನದ ಹೆಸರುಗಳ ಹುಟ್ಟು ಹುಡುಕುವುದು ಅವಳ ಹುಚ್ಚು. ಕಮ್ಮಾರ ಎಂಬ ಅರ್ಥದ ಸ್ಮಿತ್ ಹೆಸರು ಇಂಗ್ಲೆಂಡಿನ ಪ್ರತಿ ಊರಿನ ಕುಲುಮೆಯಲ್ಲೂ ಹುಟ್ಟಿರಬಹುದು, ರೇವನ್‌ಗಾರ್ತ್ ಹುಟ್ಟಿದ್ದು ಈ ಒಂದೇ ಕಣಿವೆಯ ಒಂದೇ ಅಂಗಳದಲ್ಲಿ ಎಂದು ಹೆಸ್ಟರಿಗೆ ಹೇಳಿದವಳು ಅವಳೇ. ಸಮುದ್ರ ದಾಟಿ ಬಂದ ಯಾರೋ ಉತ್ತರದವರು ಕಾಗೆಗಳ ಬಂಡೆಯ ಕೆಳಗೆ ಕಲ್ಲಿನ ಆವರಣ ಕಟ್ಟಿ ಅದನ್ನು ರೇವನ್‌ಗಾರ್ತ್, ಅಂದರೆ ಕಾಗೆಯಂಗಳ, ಎಂದು ಕರೆದರು. ಅದರೊಳಗೆ ಬದುಕಿದವರಿಗೆಲ್ಲ ಅದರ ಹೆಸರೇ ಅಂಟಿಕೊಂಡಿತು. ತಂದೆ ತೀರಿಕೊಂಡ ಮೇಲೆ ಲೀಡ್ಸ್‌ನಲ್ಲಿ ಒಂಟಿಯಾಗಿದ್ದ ಹೆಸ್ಟರ್ ರೇವನ್‌ಗಾರ್ತ್ ಆ ಮಾತು ಕೇಳಿ, ತನ್ನವರನ್ನು ಹುಡುಕಿಕೊಂಡು ಇಲ್ಲಿಗೆ ಬಂದಿದ್ದಳು.

ಬಂದವಳಿಗೆ ಜೋಸ್ ಸಿಕ್ಕ. ಮೂರು ವಾರಕ್ಕೆ ಜೋಸ್ ಸತ್ತ. ಅವನನ್ನು ಹೂಳುವ ದಿನ ಡೋರ್ಕಸ್ ಬಂದಿಳಿದಳು.

“ಹಾಗಾದ್ರೆ,” ಎಂದಳು ಹೆಸ್ಟರ್, “ತಾತ ಬರೆದಿದ್ದು ರೇವನ್‌ಗಾರ್ತ್ ಅಂತ. ತಳ್ಳಿದವನು ರೇವನ್‌ಗಾರ್ತ್.”

“ಹೂಂ.”

“ಈಗ ಬದುಕಿರೋ ರೇವನ್‌ಗಾರ್ತ್‌ಗಳು ಇಬ್ಬರೇ. ಕೆನಡಾದಿಂದ ಬಂದಿರೋ ಆ ಕ್ಲೆಮೆಂಟ್. ಮತ್ತೆ...”

ಅವಳು ತನ್ನ ಎದೆಯ ಮೇಲೇ ಬೆರಳಿಟ್ಟುಕೊಂಡಳು. ಒಂದು ಗಳಿಗೆ ಡೋರ್ಕಸ್ ಎದುರಿಗಿದ್ದ ಹುಡುಗಿಯ ಗಟ್ಟಿಮುಟ್ಟಾದ ತೋಳುಗಳನ್ನು ನೋಡಿದಳು. ನೋಡಿದ್ದಕ್ಕೆ ನಾಚಿಕೆಯಾಗಿ ಟೋಪಿಯನ್ನು ಮಗುಚಿದಳು. ಒಳಗೆ, ಹಣೆಗೆ ತಾಗುವ ಅಂಚಿನಲ್ಲಿ, ಬಿಳಿ ಕೂದಲು ಅಂಟಿಕೊಂಡಿತ್ತು. ಪಾಪ ಮುದುಕ ಎಂದುಕೊಂಡಳು, ಅಷ್ಟೇ.

ಬಾಗಿಲು ಬಡಿದ ಸದ್ದಿಗೆ ಇಬ್ಬರೂ ಹಾರಿಬಿದ್ದರು.

ಥಾರ್ನ್‌ಹೌ ಐಸಾಕ್ ತಲೆ ತಗ್ಗಿಸಿ ಒಳಗೆ ಬಂದ. ಹಳ್ಳದ ಕೆಳಗಿನ ಥಾರ್ನ್‌ಹೌ ಫಾರ್ಮಿನವನು, ಜೋಸನ ಹತ್ತಿರದ ನೆರೆಯವನು. ಹೆಣವನ್ನು ಬಂಡೆಯ ಬುಡದಿಂದ ಹೆಗಲ ಮೇಲೆ ಹೊತ್ತು ತಂದವನು ಅವನೇ. ಅವನನ್ನು ಕಂಡೊಡನೆ ಡೋರ್ಕಸ್‌ಗೆ ಹೋದ ಉಸಿರು ಬಂದಂತಾಯಿತು.

“ಏನಿದು, ಇಬ್ಬರೂ ದೆವ್ವ ಕಂಡವರ ಹಾಗೆ ನಿಂತಿದ್ದೀರಿ? ಹೊರಗೆ ಹಂಡೆಗಟ್ಲೆ ಮಾಂಸ, ಆಲೂಗಡ್ಡೆ ಬೇಯ್ತಾ ಇದೆ. ಆ ವಾಸನೆಗೆ ಸತ್ತವರೂ ಎದ್ದು ಬರ್ಬೇಕು.”

“ಥೂ, ಎಂಥ ಮಾತು!” ಎಂದಳು ಹೆಸ್ಟರ್, ನಗುತ್ತ.

“ಬಾಯಿ ತಪ್ತು ಮಗೂ. ಬೆಟ್ಟ ಹತ್ತಿ ಬರ್ತೀಯಾ? ನಿಮ್ಮ ಹೆಸರು ಹುಟ್ಟಿದ ಹಳೇ ಗೋಡೆ ತೋರಿಸ್ತೀನಿ ಅಂದಿದ್ನಲ್ಲ. ಮಂಜು ಇಳಿಯೋದ್ರೊಳಗೆ ಹೋಗಿ ಬಂದ್ಬಿಡೋಣ. ಟೋಪಿ ನೇತುಹಾಕೋ ಹೊತ್ತಿಗೆ ಇಲ್ಲಿರ್ತೀವಿ.” ಅವನ ಕಣ್ಣು ಡೋರ್ಕಸ್ ಕೈಯ ಕಡೆ ಹೋಯಿತು. “ಅದಾ, ಬರ್ಕೆಟ್ ನಾಯಿಗೆ ಸಿಕ್ಕ ಟೋಪಿ?”

ಅವನು ಅದನ್ನು ತೆಗೆದುಕೊಂಡು, ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದ. ಎರಡೂ ಪಟ್ಟಿಗಳ ಮೇಲೆ ಹೆಬ್ಬೆರಳು ಆಡಿಸಿದ. ಹಳೆಯ ಗೆಳೆಯನ ನೆನಪಾಗಿರಬೇಕು ಎಂದು ಡೋರ್ಕಸ್ ಮುಖ ಬೇರೆ ಕಡೆ ತಿರುಗಿಸಿದಳು.

“ನಾನೇ ಇಟ್ಕೊಂಡಿರ್ತೀನಿ,” ಎಂದ ಐಸಾಕ್, ಮೆಲ್ಲಗೆ. “ಕೈಯಾರೆ ನೇತುಹಾಕ್ತೀನಿ. ಅಷ್ಟಾದ್ರೂ ಋಣ ತೀರ್ಲಿ.”

ಹೆಸ್ಟರ್ ಕಣ್ಣಲ್ಲೇ ಕೇಳಿದಳು. ಡೋರ್ಕಸ್ ತಲೆಯಾಡಿಸಿದಳು. ಕ್ಲೆಮೆಂಟ್ ಕೆಳಗಿನ ಕೊಟ್ಟಿಗೆಯಲ್ಲಿದ್ದಾನೆ. ಹುಡುಗಿ ಮೇಲೆ, ಐಸಾಕನಂಥವನ ಜೊತೆ ಇದ್ದರೆ ತನಗೂ ನಿಶ್ಚಿಂತೆ.

“ಹೋಗಿ ಬಾ ಮಗೂ,” ಎಂದಳು. ತನ್ನ ಬಾಯಿಂದಲೇ ಅಂದಳು.

*

ರೇವನ್‌ಗಾರ್ತ್ ಕೊಟ್ಟಿಗೆಯಲ್ಲಿ ಕ್ಲೆಮೆಂಟ್ ಒಂದು ಟಗರನ್ನು ಕಾಲ ನಡುವೆ ಸಿಕ್ಕಿಸಿಕೊಂಡು, ಅದರ ಗೊರಸು ಕೆತ್ತುತ್ತಿದ್ದ. ಕೈಯಲ್ಲಿ ಬಾಗಿದ ಚಾಕು. ಡೋರ್ಕಸ್ ಹೊಸ್ತಿಲಲ್ಲೇ ನಿಂತಳು. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತೆಲ್ಲ ಆ ಚಾಕು ನೋಡಿದ ಕೂಡಲೇ ಗಾಳಿಗೆ ತೂರಿಹೋಯಿತು.

“ಬನ್ನಿ, ಹೆಸರಿನ ಪಂಡಿತರೇ,” ಎಂದ ಅವನು, ತಲೆ ಎತ್ತದೆ. “ಇನ್ನೂ ಯಾವ ಗೋರಿ ಕೆರೆಯೋದು ಬಾಕಿ ಇದೆ?”

“ಜೋಸ್‌ದು.”

ಚಾಕು ನಿಂತಿತು. ಅವನು ಟಗರನ್ನು ಬಿಟ್ಟು ಎದ್ದ. ಟಗರು ಅವಳ ಲಂಗಕ್ಕೆ ಉಜ್ಜಿಕೊಂಡೇ ಹೊರಗೆ ಓಡಿತು. ಅವನು ಬಂದು ಅವಳ ಹಿಂದಿನ ಬಾಗಿಲನ್ನು ಎಳೆದು ಮುಚ್ಚಿದ.

“ಉಳಿದವೂ ಓಡಿಹೋದಾವು,” ಎಂದ. “ಹೇಳಿ.”

ಉಳಿದ ಕುರಿ ಒಂದೂ ಇರಲಿಲ್ಲ. ಡೋರ್ಕಸ್ ಓಡೋಣವೆಂದರೆ ಬಾಗಿಲಿಗೆ ಅವನೇ ಅಡ್ಡ. ಹಾಗಾಗಿ ಬಾಯಿ ಬಿಟ್ಟಳು, ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ.

“ಜೋಸ್ ಸಾಯೋ ಮುಂಚೆ ತನ್ನ ಟೋಪಿ ಮೇಲೆ ರೇವನ್‌ಗಾರ್ತ್ ಗುರುತು ಕತ್ತರಿಸಿದ್ದಾನೆ. ಫಾರ್ಮು ಹೆಸ್ಟರಿಗೆ ಬಿಡ್ತೀನಿ ಅಂದಿದ್ನಂತೆ. ನೀವು ಸಾವಿರಾರು ಮೈಲಿ ಬಂದಿದ್ದು ಬರಿಗೈಲಿ ಹೋಗೋಕಲ್ಲ. ಕಾನ್‌ಸ್ಟೆಬಲ್‌ಗೆ ಹೇಳಿಯೇ ಬಂದಿದ್ದೀನಿ.”

“ಸುಳ್ಳು.”

“ಯಾವುದು?”

“ಕೊನೇದು. ಹೇಳಿದ್ರೆ ನಿಮ್ಮ ಗಲ್ಲ ಹೀಗೆ ನಡುಗ್ತಿರ್ಲಿಲ್ಲ.”

ಅವನು ನಗುತ್ತಾನೆ ಎಂದುಕೊಂಡಳು. ನಗಲಿಲ್ಲ. ಚಾಕುವನ್ನು ತೊಲೆಗೆ ಚುಚ್ಚಿ, ಹುಲ್ಲಿನ ಮೇಲೆ ಕುಸಿದು ಕೂತ. ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

“ನಾನು ರೇವನ್‌ಗಾರ್ತೇ ಅಲ್ಲ ಕಣ್ರೀ,” ಎಂದ.

“ಹಾಂ?”

“ನಮ್ಮಜ್ಜ ಈ ಮನೇಲಿ ಆಳಾಗಿದ್ದ. ಅನಾಥಾಲಯದಿಂದ ತಂದ ಹುಡುಗ, ಸ್ವಂತದ್ದು ಅಂತ ಒಂದು ಹೆಸರೂ ಇಲ್ಲ. ಇಲ್ಲಿಯವರು ರೇವನ್‌ಗಾರ್ತ್ ಟಾಮ್ ಅಂತಿದ್ರು, ಫಾರ್ಮಿನ ಹೆಸರು ಹಿಡ್ಕೊಂಡು. ಹಡಗು ಹತ್ತಿದಾಗ ಅದನ್ನೇ ಹೇಳ್ದ. ನಾನು ಇಲ್ಲಿಗೆ ಬಂದಾಗ ಅದನ್ನ ಮುಚ್ಚಿಟ್ಟೆ, ನಿಜ. ಜಮೀನಿನ ಆಸೆ ಇತ್ತು, ಅದೂ ನಿಜ. ಆಮೇಲೆ ಮುದುಕನ ಮುಖ ನೋಡಿ ತಡ್ಕೊಳ್ಳೋಕಾಗ್ಲಿಲ್ಲ. ಹೇಳ್ಬಿಟ್ಟೆ.”

“ಜೋಸ್ ಏನಂದ?”

“ನಕ್ಕ. ಒಲೆ ಮುಂದೆ ಕೂತಿದ್ದ. ಟೋಪಿ ತೆಗೆದು ಮಂಡಿ ಮೇಲಿಟ್ಕೊಂಡು, ಆ ಬೋಳು ಬುರುಡೆ ತಟ್ಕೊಂಡು ತಟ್ಕೊಂಡು ನಕ್ಕ. ‘ನಂದೂ ಅದೇ ಕಥೆ ಕಣೋ’ ಅಂದ. ಅವರಜ್ಜನೂ ಮನೆ ಅಳಿಯ ಅಂತೆ. ಹೊರಗಿಂದ ಬಂದು ಫಾರ್ಮು ಹಿಡಿದ, ಫಾರ್ಮಿನ ಹೆಸರು ಹೊತ್ಕೊಂಡ. ಹೆಸ್ಟರ್ ಮುತ್ತಜ್ಜನೂ ಆ ಅಳಿಯನ ಕಡೆಯವನೇ. ರಕ್ತದ ರೇವನ್‌ಗಾರ್ತ್ ಇದ್ನಲ್ಲ, ಹಿರೀಮಗ, ಅವನು ಅಪ್ಪನ ಮೇಲೆ ಕೈಮಾಡಿದ್ದಕ್ಕೆ ಮನೆಯಿಂದ ಹೊರಗೆ ಹಾಕಿದ್ರಂತೆ. ಹೋದ ಕಡೆ ಆ ಜಾಗದ ಹೆಸರೇ ಅವನಿಗೂ ಅಂಟ್ಕೊಳ್ತು.”

ಡೋರ್ಕಸ್ ಭಯ ಮರೆತಳು. ಅವಳ ಹುಚ್ಚು ಅಂಥದು. ಕಲ್ಲಿನ ಆವರಣಕ್ಕೆ ಹೆಸರಿತ್ತು. ಒಳಗೆ ಬಂದವರು ಆ ಹೆಸರಿನವರಾದರು, ಹೊರಗೆ ಹೋದವರು ಬೇರೆಯವರಾದರು. ಇಷ್ಟು ವರ್ಷ ಹೆಸರು ಹಿಡಿದು ರಕ್ತ ಹುಡುಕುತ್ತಿದ್ದ ತಾನು ಎಂಥ ಪೆದ್ದಿ!

“ಎಲ್ಲಿಗೆ ಹೋದ ಆ ಹಿರೀಮಗ?”

“ಅದೊಂದನ್ನ ಹೇಳ್ಲಿಲ್ಲ. ‘ಅವನ ವಂಶದವರು ಇಲ್ಲೇ ಇದ್ದಾರೆ, ಮಂದೆ ಜೊತೆ ನಮ್ಮ ಗುರುತನ್ನೂ ತಿರುಗುಮುರುಗು ಮಾಡ್ಕೊಂಡು ಹೋದ್ರು. ಕೂಟದ ದಿನ ಎಲ್ಲರ ಮುಂದೆ ಹೇಳ್ತೀನಿ, ಸತ್ಯ ಹೇಳಿಯೇ ಫಾರ್ಮು ಹುಡುಗಿಗೆ ಕೊಡ್ತೀನಿ’ ಅಂದ. ಮೊದ್ಲು ಆ ಮನೆಯವನಿಗೆ ಹೇಳ್ಬೇಕು, ಅದು ಮರ್ಯಾದೆ ಅಂತ ಮಾರನೇ ದಿನ ಹೊರಟ. ಅವತ್ತೇ ಬಿದ್ದಿದ್ದು.”

“ಇದನ್ನ ಪೊಲೀಸಿಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಮೊದ್ಲು ನನ್ನ ಸುಳ್ಳು ಹೊರಗೆ ಬೀಳುತ್ತೆ. ನನಗೂ ಜೀವಭಯ ಇಲ್ವಾ? ಅವನು ಯಾರೋ, ನನ್ನ ಪಕ್ಕದಲ್ಲೇ ಕೂತು ಬಿಯರ್ ಕುಡೀತಿರ್ಬಹುದು.”

ಡೋರ್ಕಸ್ ಮಾತು ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದ್ದಳು. ಕಿವಿಯಲ್ಲಿ ಒಂದೇ ಮಾತು ಗುಂಯ್‌ಗುಡುತ್ತಿತ್ತು.

“ಬೋಳು ಬುರುಡೆ ಅಂದ್ರಲ್ಲ. ಎಲ್ಲಿ ಬೋಳು?”

“ಎಲ್ಲಿ ಅಂದ್ರೆ? ಹಣೆಯಿಂದ ನೆತ್ತಿವರೆಗೆ ಒಂದು ಕೂದ್ಲಿಲ್ಲ. ಹಿಂದುಗಡೆ ಮಾತ್ರ ನಾಕು ಎಳೆ. ಅದಕ್ಕೇ ಊಟಕ್ಕೆ ಕೂತ್ರೂ ಟೋಪಿ ತೆಗೀತಿರ್ಲಿಲ್ಲ, ಹೊರಗಿನೋರ ಮುಂದೆ.”

ಬಿಳಿ ಕೂದಲು. ಹಣೆಗೆ ತಾಗುವ ಅಂಚಿನಲ್ಲಿ ಎಂದುಕೊಂಡಿದ್ದಳಲ್ಲ! ಹಣೆಯಲ್ಲಿ ಕೂದಲೇ ಇಲ್ಲದವನ ಟೋಪಿಯಲ್ಲಿ ಕೂದಲು ಅಂಟುವುದು ಹಿಂದೆ. ದುಂಡನೆಯ ಟೋಪಿಗೆ ಮುಂದು ಯಾವುದು, ಹಿಂದು ಯಾವುದು? ಜೋಸನ ಟೋಪಿಯಲ್ಲಿ ಜೋಸನ ಗುರುತೇ ಇರಬೇಕೆಂದು ಕಣಿವೆಯ ಜನ ಎರಡನೇ ಯೋಚನೆ ಮಾಡದೆ ಅದನ್ನು ತಮಗೆ ಸರಿ ಕಂಡ ಕಡೆಗೆ ತಿರುಗಿಸಿ ಹಿಡಿದಿದ್ದರು. ಅವರು ತೋರಿಸಿದಂತೆ ತಾನೂ ನೋಡಿದ್ದಳು.

ಟೋಪಿಯನ್ನು ಸರಿಯಾಗಿ ತಲೆಗಿಟ್ಟರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಎಡಗಿವಿ ಸೀಳು. ಬಲಗಿವಿ ತುದಿ ಇಲ್ಲ.

ಬೇರೆ ಯಾರದೋ ಕುರಿಯ ಗುರುತು ಅದು.

*

ದೊಡ್ಡಿಗಳ ಹತ್ತಿರ ಗದ್ದಲವೋ ಗದ್ದಲ. ತಪ್ಪಿಸಿಕೊಂಡ ಕುರಿಗಳನ್ನು ಅವರವರಿಗೆ ಹಂಚುತ್ತಿದ್ದರು. ಯಾರೋ ಆಗಲೇ ಎರಡು ಲೋಟ ಏರಿಸಿ ಹಾಡುತ್ತಿದ್ದ. ಮಂಜು ಬೆಟ್ಟದ ಸೊಂಟದವರೆಗೆ ಇಳಿದಿತ್ತು. ಮೇಲೆ ಏನೂ ಕಾಣುತ್ತಿರಲಿಲ್ಲ.

ಡೋರ್ಕಸ್ ಏದುಸಿರು ಬಿಡುತ್ತ ಕಾನ್‌ಸ್ಟೆಬಲ್ ಬರ್ಕೆಟ್‌ನ ತೋಳು ಹಿಡಿದಳು. ಅವನ ಕೈಯಲ್ಲಿ ಮಾಂಸದ ತಟ್ಟೆ ಇತ್ತು.

“ಎಡಗಿವಿ ಸೀಳು, ಬಲಗಿವಿ ತುದಿ ಕತ್ತರಿಸಿದ್ದು. ಯಾರ ಗುರುತು?”

“ಅಯ್ಯೋ ಮಿಸ್, ಉಸಿರು ಬಿಡಿ ಮೊದ್ಲು. ಒಂದು ತಟ್ಟೆ ಹಾಕಿಸ್ಲಾ? ಕೆಂಪು ಕೋಸಿನ ಉಪ್ಪಿನಕಾಯೀನೂ ಇದೆ.”

“ಯಾರ ಗುರುತು ಅಂದೆ!”

“ಅದೇ ನೋಡಿ, ನಿಮ್ಮ ಕಾಲ ಹತ್ರಾನೇ ನಿಂತಿದೆಯಲ್ಲ.” ಬರ್ಕೆಟ್ ಫೋರ್ಕಿನಿಂದಲೇ ತೋರಿಸಿದ. “ರೇವನ್‌ಗಾರ್ತ್ ಕುರೀನೂ ಥಾರ್ನ್‌ಹೌ ಕುರೀನೂ ಕನ್ನಡಿ ಹಿಡಿದ ಹಾಗೆ ಅಂತ ನಾವು ತಮಾಷೆ ಮಾಡ್ತೀವಿ. ಅದು ಐಸಾಕ್‌ದು.”

ಬೂದುಮುಖದ ಕುರಿ ಕಂಬಿಗಳ ನಡುವಿನಿಂದ ಅವಳನ್ನೇ ನೋಡುತ್ತಿತ್ತು. ಎಡಗಿವಿ ಎರಡಾಗಿ ಸೀಳಿತ್ತು. ಬಲಗಿವಿಯ ತುದಿ ಇರಲಿಲ್ಲ.

ಹೊರಗೆ ಹಾಕಿದ ಹಿರೀಮಗನ ವಂಶದವನು ಐಸಾಕ್, ರಕ್ತದ ರೇವನ್‌ಗಾರ್ತ್; ಫಾರ್ಮು ಹೆಸ್ಟರಿಗೆ ಹೋದರೆ ಕಳೆದುಕೊಳ್ಳುವವನು ಅವನೇ. ಟೋಪಿಯನ್ನು ಅವನು ಒಂದು ಸುತ್ತು ತಿರುಗಿಸಿದ್ದು ಕಣ್ಣ ಮುಂದೆ ಬಂತು. ಕಣಿವೆಯಲ್ಲಿ ಅದನ್ನು ಸರಿಯಾಗಿ ಓದಿದವನು ಅವನೊಬ್ಬನೇ. ಓದಿ, ಜೇಬಿಗೆ ಹಾಕಿಕೊಂಡು, ಹುಡುಗಿಯನ್ನು ಕರೆದುಕೊಂಡು ಹೋಗಿದ್ದ. ಕಳಿಸಿಕೊಟ್ಟವಳು ಇವಳೇ.

“ಐಸಾಕ್ ಇಳಿದು ಬಂದ್ನಾ? ಹೆಸ್ಟರ್?”

“ಇಲ್ಲವಲ್ಲ. ಯಾಕೆ ಮಿಸ್? ಏನಾಯ್ತು?”

ಅವಳು ಹೇಳಿದಳು. ಹೇಗೆ ಹೇಳಿದಳೋ, ಎಷ್ಟು ಹೇಳಿದಳೋ. ಬರ್ಕೆಟ್ ಮುಖದಿಂದ ನಗು ಇಳಿಯಿತು, ತಟ್ಟೆ ನೆಲಕ್ಕೆ ಬಿತ್ತು. ನಾಯಿಗಳನ್ನು ಬಿಡಿಸಿ, ನಾಲ್ಕು ಗಟ್ಟಿ ಆಳುಗಳನ್ನು ಕೂಡಿಸಿಕೊಂಡು ಬರುತ್ತೇನೆ, ಇಲ್ಲೇ ಇರಿ ಎಂದು ಓಡಿದ.

ಇಲ್ಲೇ ಇರಬಹುದಿತ್ತು. ಇದ್ದರೆ ಯಾರೂ ಬೈಯುತ್ತಿರಲಿಲ್ಲ. ಆದರೆ ಬರ್ಕೆಟ್ ಕೂಗಿದ್ದಕ್ಕೆ ಕುಡಿದವರು ನಗುತ್ತಿದ್ದರು, ಒಬ್ಬ ಬೂಟು ಹುಡುಕುತ್ತಿದ್ದ, ಇನ್ನೊಬ್ಬ ಏನು ಏನು ಎಂದು ಕೇಳುತ್ತಲೇ ಇದ್ದ. ಅವರು ಹೊರಡುವುದರೊಳಗೆ ಏನು ಬೇಕಾದರೂ ಆಗಿಹೋಗಬಹುದು. ಡೋರ್ಕಸ್ ದೊಡ್ಡಿಯ ಬಾಗಿಲು ತೆರೆದಳು.

ಕಲ್ಲುಗೋಡೆಯೊಂದು ಬೆಟ್ಟದ ಮೇಲಕ್ಕೆ ಹೋಗುತ್ತದೆ, ಪಕ್ಕದಲ್ಲೇ ಕಾಲುಹಾದಿ. ಗೋಡೆಯಿಂದ ಕೈ ತೆಗೆಯಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ಕೆಳಗಿನ ಹಾಡು ಸಣ್ಣಗಾಯಿತು. ಮಂಜಿನೊಳಗೆ ಕಾಲಿಟ್ಟ ಮೇಲೆ ಪೂರ್ತಿ ನಿಂತುಹೋಯಿತು. ತನ್ನ ಉಸಿರು, ತನ್ನ ಬೂಟಿನ ಸದ್ದು, ಎಲ್ಲೋ ಎಡಗಡೆ ನೀರು ಬೀಳುವ ಸದ್ದು. ಎಡಗಡೆ ಏನಿದೆ ಎಂದು ಅವಳು ನೋಡಲಿಲ್ಲ. ನೋಡಿದ್ದರೆ ಅಲ್ಲೇ ಕೂತುಬಿಡುತ್ತಿದ್ದಳು.

“ಹೆಸ್ಟರ್!”

ಉತ್ತರವಿಲ್ಲ. ಹತ್ತಿದಳು. ಅಂಗೈ ಕಲ್ಲಿಗೆ ತರಚಿ ಉರಿಯುತ್ತಿತ್ತು. ಮಗೂ, ಏನೂ ಆಗಿರಬೇಡ, ಏನೂ ಆಗಿರಬೇಡ ಎಂದು ಮೇಲಿನವನನ್ನು ಬೇಡಿಕೊಳ್ಳುತ್ತಲೇ ಹತ್ತಿದಳು.

ಮೇಲೆ ಕಲ್ಲು ಉರುಳಿದ ಸದ್ದು. ಯಾರೋ ಇಳಿದು ಬರುತ್ತಿದ್ದರು.

ಮಂಜಿನಲ್ಲಿ ಮೊದಲು ಕಂಡದ್ದು ಟೋಪಿ. ದುಂಡನೆಯ ಕುರಿಚರ್ಮದ ಟೋಪಿ, ಎರಡು ಬದಿಗೂ ಜೋತಾಡುವ ಪಟ್ಟಿಗಳು. ಚಳಿಗೆ ಹುಡುಗಿಯೇ ಹಾಕಿಕೊಂಡಿರಬೇಕು! ಡೋರ್ಕಸ್‌ಗೆ ಅಳುವೇ ಬಂತು.

“ಹೆಸ್ಟರ್! ಮಗೂ, ಇಲ್ಲಿದ್ದೀನಿ!”

ಬರುತ್ತಿದ್ದ ಆಕಾರ ನಿಂತಿತು. ಮತ್ತೆ ಇಳಿಯಿತು. ಹತ್ತಿರವಾದಂತೆ ಅದು ಎತ್ತರವಾಗುತ್ತಲೇ ಹೋಯಿತು, ಹೆಗಲು ಅಗಲವಾಗುತ್ತಲೇ ಹೋಯಿತು. ಡೋರ್ಕಸ್ ಕೈ ಗೋಡೆಯ ಕಲ್ಲನ್ನು ಬಿಗಿಯಾಗಿ ಹಿಡಿಯಿತು.

ಥಾರ್ನ್‌ಹೌ ಐಸಾಕ್ ಅವಳ ಎದುರಿಗೆ ಬಂದು ನಿಂತ. ಎದುರಿಗೆ ನಿಂತವನ ಎಡಗಿವಿಯ ಮೇಲೆ ಸೀಳಿದ ಪಟ್ಟಿ, ಬಲಗಿವಿಯ ಮೇಲೆ ತುದಿಯಿಲ್ಲದ ಪಟ್ಟಿ. ಕೆನ್ನೆಯಲ್ಲಿ ಉಗುರು ಗೀರಿದ ಗಾಯ ಹಸಿಯಾಗಿತ್ತು.

“ಬಂದ್ರಾ ಮಿಸ್?” ಎಂದ, ಬೆಳಿಗ್ಗೆಯ ಅದೇ ಮೆಲುದನಿಯಲ್ಲಿ. “ನೀವು ತಿಳಿದವರು, ನೀವೇ ಹೇಳಿ. ಇದನ್ನ ಹಾಕ್ಕೊಳ್ಳೋದು ಹೀಗೇ ತಾನೇ?”

ಅವನ ಹಿಂದೆ ಹಾದಿಯಲ್ಲಿ ಯಾರೂ ಇರಲಿಲ್ಲ.